ಹುಳದ ಮನೆಯ ಬಾಗಿಲಲ್ಲಿ ಕೊತ್ತಿ

ಪುಟ್ಟಕ್ಕ ದೊಡ್ಡಮ್ಮನ ಹುಳದ ಮನೆಯೊಳಗೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ. ನಮ್ಮ ಮನೆಗೂ ಅದಕ್ಕೂ ನಡುವೆ ಇರುವುದು ಒಂದು ಮಣ್ಣು ರಸ್ತೆ, ಒಂದು ಹೊಂಗೆ ಮರ, ಅಷ್ಟೆ. ಸಂಬಂಧದಲ್ಲಿ ಆಕೆ ನನಗೆ ದೊಡ್ಡಮ್ಮನೂ ಅಲ್ಲ, ಎದುರು ಮನೆಯವಳು. ಹುಟ್ಟಿದಾಗಿನಿಂದ ಹಾಗೆ ಕರೆದು ಅಭ್ಯಾಸ. ನನ್ನ ಮಾತು ಬಿಡಿ, ಆಕೆಯ ಒಡಹುಟ್ಟಿದ ತಮ್ಮ ಹೇಮಾವತಿ ಊರಿನಿಂದ ಬಂದಾಗಲೂ ಹುಳದ ಮನೆಯ ಹೊಸಿಲಿನಾಚೆಯೇ ನಿಲ್ಲಿಸಿ, ಅಲ್ಲಿಂದಲೇ ಮಾತಾಡಿಸಿ, ಊಟಕ್ಕೆ ಮನೆ ಕಡೆ ಕಳಿಸಿದವಳು.

ಗುಡಿಬಂಡೆಯ ಸುತ್ತಮುತ್ತ ರೇಷ್ಮೆ ಹುಳ ಸಾಕುವವರಿಗೆ ಈ ಕಟ್ಟುಪಾಡು ಹೊಸದಲ್ಲ. ಬೀಡಿ ಸೇದಿದ ಬಾಯಿ, ಒಗ್ಗರಣೆ ಹಾಕಿದ ಕೈ, ಘಮಘಮ ಎಣ್ಣೆ ಹಚ್ಚಿದ ತಲೆ, ಊದಿನಕಡ್ಡಿಯ ಹೊಗೆ, ಯಾವುದೂ ಹುಳಕ್ಕೆ ಆಗಿಬರುವುದಿಲ್ಲ. ಒಬ್ಬರ ಹುಳದ ಮನೆ ತುಳಿದ ಕಾಲು ಇನ್ನೊಬ್ಬರ ಹುಳದ ಮನೆ ತುಳಿದರೆ ಅಲ್ಲಿಯ ರೋಗ ಇಲ್ಲಿಗೆ ಬರುತ್ತದೆ. ನಾವೂ ಹುಳ ಸಾಕುವವರೇ, ಇದೆಲ್ಲ ನಮಗೂ ಗೊತ್ತು. ಗೊತ್ತಿದ್ದೂ ನಾವು ಒಂದಿಷ್ಟು ಸಡಿಲ ಬಿಡುತ್ತೇವೆ. ದೊಡ್ಡಮ್ಮ ಬಿಡುವುದಿಲ್ಲ. ಹೊಸಿಲಿನ ಮುಂದೆ ಸುಣ್ಣದ ಪುಡಿಯನ್ನು ಗೆರೆಯಾಗಿ ಚೆಲ್ಲಿ, ಪಕ್ಕದಲ್ಲಿ ಕಾಲು ತೊಳೆಯುವ ನೀರಿಟ್ಟು, ತಾನೇ ಕಾವಲು ಕೂರುತ್ತಾಳೆ.

ಗಂಡ ಸಂಜೀವಪ್ಪ ತಮಾಷೆಯ ಮನುಷ್ಯ. ಬೋರಿನ ನೀರು ಹಾಯಿಸಿ ಹಿಪ್ಪುನೇರಳೆ ತೋಟ ನೋಡಿಕೊಳ್ಳುವುದು ಅವನ ಕೆಲಸ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಖ ನೋಡಬೇಕಾದರೆ ತಾನೂ ಕಾಲು ತೊಳೆದುಕೊಂಡೇ ಹೋಗಬೇಕಿತ್ತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಮಗ ಮಾರೇಶ ಅವ್ವನ ಹಾಗೆ, ಮಾತು ಕಡಿಮೆ, ಕೆಲಸ ಜಾಸ್ತಿ. ಸೊಸೆ ದುರ್ಗಾ ರಾಯದುರ್ಗದ ಕಡೆಯವಳು, ಗುಮ್ಮಘಟ್ಟದ ಹತ್ತಿರ ಕುರಿ ಸಾಕುವ ಮನೆಯಲ್ಲಿ ಬೆಳೆದವಳು. ಅವಳ ಬಾಯಲ್ಲಿ ಎಲ್ಲದಕ್ಕೂ ಒಂದು ‘ರಿ’ ಇರುತ್ತದೆ. ಅತ್ತೆಗೂ ‘ರಿ’, ನನಗೂ ‘ರಿ’. ನಿಮ್ಮ ಊರಲ್ಲಿ ಕುರಿಗೂ ಹಾಗೇ ಕರೀತೀರಾ ಎಂದು ಮಾವ ಕೇಳಿದಾಗ, ಕುರಿಗೆ ಕರೆಯಲ್ಲ, ಮಾವನಿಗೆ ಮಾತ್ರ ಎಂದು ಹೇಳಿ ಅವನ ಬಾಯಿ ಮುಚ್ಚಿಸಿದ್ದಳು.

ಈ ಮನೆಗೆ ಒಂದು ಕೊತ್ತಿ ಬರತೊಡಗಿತು. ನಮ್ಮ ಕಡೆ ಬೆಕ್ಕಿಗೆ ಕೊತ್ತಿ ಎನ್ನುತ್ತೇವೆ. ಬೂದಿ ಬಣ್ಣ, ಒಂದು ಕಿವಿ ತುದಿಯಲ್ಲಿ ಹರಿದಿತ್ತು. ಯಾರ ಮನೆಯದೂ ಅಲ್ಲ, ಎಲ್ಲಿಂದ ಬಂತೋ ಗೊತ್ತಿಲ್ಲ. ದಿನಾ ಬೆಳಗ್ಗೆ ಸೊಪ್ಪು ಕಡಿದು ತರುವ ಹೊತ್ತಿಗೆ ಬಂದು ಸುಣ್ಣದ ಗೆರೆಯ ಈಚೆ ಕುಳಿತು, ದೊಡ್ಡಮ್ಮ ಹೊರಗೆ ಬರುವುದನ್ನೇ ಕಾಯುತ್ತಿತ್ತು. ದೊಡ್ಡಮ್ಮ ಬೈಯುತ್ತಲೇ ಹೊರಬರುತ್ತಿದ್ದಳು. ಬೈಯುತ್ತಲೇ ತೆಂಗಿನ ಚಿಪ್ಪಿಗೆ ಹಾಲು ಹಾಕುತ್ತಿದ್ದಳು. ಯಾಕೆ ಎಂದರೆ, ಕೊತ್ತಿ ಇದ್ದರೆ ಇಲಿ ಬರುವುದಿಲ್ಲ, ಇಲಿ ಬಂದರೆ ಹುಳ ಉಳಿಯುವುದಿಲ್ಲ ಎಂಬ ಲೆಕ್ಕಾಚಾರ ಹೇಳುತ್ತಿದ್ದಳು. ಆದರೆ ಹಾಲು ಕುಡಿದ ಮೇಲೆ ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿ ಹಿಡಿದು ಅದರ ಬೆನ್ನು ಕೆರೆಯುತ್ತಾ ಕೂರುತ್ತಿದ್ದಳಲ್ಲ, ಅದಕ್ಕೂ ಇಲಿಗೂ ಏನು ಸಂಬಂಧವೋ. ಕೈಯಲ್ಲಿ ಮಾತ್ರ ಮುಟ್ಟುತ್ತಿರಲಿಲ್ಲ. ಅದೇ ಕೈ ಹುಳದ ಮೇಲೆ ಆಡಬೇಕು. ಕೊತ್ತಿಗೆ ಕಡ್ಡಿಯೇ ಕೈಯಾಯಿತು. ಆಕೆ ಕಡ್ಡಿ ಎತ್ತಿದರೆ ಸಾಕು, ಬೆನ್ನು ಬಿಲ್ಲಾಗಿ ಬಾಗಿಸಿ ನಿಲ್ಲುತ್ತಿತ್ತು.

ಹೋದ ಬೆಳೆಯಲ್ಲಿ ದೊಡ್ಡಮ್ಮನ ಹುಳಕ್ಕೆ ಸುಣ್ಣಕಟ್ಟು ರೋಗ ಬಂತು. ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು ಎನ್ನುವ ಹುಳಗಳೆಲ್ಲ ಗಟ್ಟಿಯಾಗಿ, ಸುಣ್ಣದ ಕಡ್ಡಿಗಳ ಹಾಗೆ ಬೆಳ್ಳಗೆ ಬಿದ್ದವು. ತೋಟದ ಮೂಲೆಯಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹೂತರು. ಅಷ್ಟು ಮಡಿ ಮಾಡುವವಳ ಮನೆಯಲ್ಲೇ ಹೀಗಾಯಿತಲ್ಲ ಎಂದು ಊರು ಆಡಿಕೊಂಡಿತು.  ಈ ಸಲ ದೊಡ್ಡಮ್ಮ ಗೋಡೆ, ನೆಲ, ಅಟ್ಟಣಿಗೆ, ಒಂದು ಬೊಟ್ಟಿನಷ್ಟು ಜಾಗವೂ ಬಿಡದೆ ಔಷಧಿ ಹೊಡೆಯಬೇಕು ಎಂದು ತೀರ್ಮಾನಿಸಿದಳು. ಮುಂದಿನ ಹುಳ ಬರುವ ದಿನವೂ ಗೊತ್ತಾಗಿತ್ತು. ಸಣ್ಣ ಹುಳ ಸಾಕಿ ಕೊಡುವ ಚಾಕಿ ಕೇಂದ್ರದ ವಾಗೀಶ್ ಔಷಧಿ ಹೊಡೆಯುವ ದಿನದಿಂದ ಮೂರನೆಯ ದಿನ ಬೆಳಗ್ಗೆ ತಂದು ಇಳಿಸುವುದಾಗಿ ಹೇಳಿದ್ದ. ಚಾಕಿ ಹುಳ ಹಾಲಿನ ಹಾಗೆ ಕಾಯಿಸಿ ಇಡುವ ವಸ್ತುವಲ್ಲ. ಬಂದ ದಿನ ಬರುತ್ತದೆ, ಬಂದ ಕೂಡಲೇ ಸೊಪ್ಪು ಬೇಕು, ಜಾಗ ಬೇಕು.

ಅಷ್ಟರಲ್ಲೇ ಕೊತ್ತಿ ಮರಿ ಹಾಕಿತು. ಹಾಕಿದ್ದು ನಮ್ಮ ಮನೆಯ ಸೌದೆ ಒಟ್ಟಿಲಿನ ಹಿಂದೆ. ಚಿಂಯ್ ಚಿಂಯ್ ಎಂದು ಸದ್ದು ಕೇಳಿ ನಾನು ಬಗ್ಗಲು ಹೋದರೆ ನಮ್ಮಮ್ಮ ಚಿತ್ತಮ್ಮ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಕಣ್ಣು ಬಿಡುವ ತನಕ ಕೊತ್ತಿ ಮರಿಗಳನ್ನು ಮನುಷ್ಯರು ನೋಡಬಾರದು, ನೋಡಿದರೆ ತಾಯಿ ಬಿಟ್ಟುಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಇನ್ನೊಂದು ನಂಬಿಕೆಯೆಂದರೆ, ಕೊತ್ತಿ ತನ್ನ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ತಿರುಗಿಸುತ್ತದೆ. ಹಾಗಾಗಿ ಎರಡು ದಿನ ಬಿಟ್ಟು ಸೌದೆಯ ಹಿಂದೆ ಸದ್ದು ನಿಂತಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ದೊಡ್ಡಮ್ಮನ ಕೊಟ್ಟಿಗೆಯ ಗೋದಲಿಯಲ್ಲಿ ಸದ್ದು ಕೇಳಿತು. ದೊಡ್ಡಮ್ಮ ಆ ಗೋದಲಿಗೆ ಹುಲ್ಲು ಹಾಕುವುದನ್ನು ನಿಲ್ಲಿಸಿ ಹಸುವನ್ನು ಹೊರಗೆ ಕಟ್ಟಿದಳು. ಅಲ್ಲೂ ಸದ್ದು ನಿಂತಾಗ ಸಂಜೀವಪ್ಪ ಎರಡು ಮನೆ ಆಯಿತು, ಇನ್ನು ಐದು ಎಂದ.

ಔಷಧಿ ಹೊಡೆಯುವ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಮಡಕಶಿರಕ್ಕೆ ಹೋಗುವ ಆಟೋ ತಪ್ಪಿತು ಎಂದು ಮನೆಯಲ್ಲಿ ಹೇಳಿದೆ. ನಿಜ ಏನೆಂದರೆ ಈ ಕೆಲಸ ನೋಡುವುದೇ ಒಂದು ಮಜಾ. ಹಿಂದಿನ ದಿನವೇ ನೇತ್ರಿಕೆಗಳನ್ನು ತೊಳೆದಿದ್ದರು. ನೇತ್ರಿಕೆ ಎಂದರೆ ಹುಳ ಹತ್ತಿ ಗೂಡು ಕಟ್ಟುವ ಪ್ಲಾಸ್ಟಿಕ್ ಬಲೆ, ಮಡಚಿದರೆ ಸೀರೆಯ ನೆರಿಗೆಯ ಹಾಗೆ ಕೂರುತ್ತದೆ. ಅವನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಸಂಜೆ ಗೋಣಿಚೀಲಗಳಿಗೆ ತುಂಬಿ, ಬಾಯಿ ಕಟ್ಟದೆ ಜಗಲಿಯ ಮೇಲೆ ಇಟ್ಟಿದ್ದರು. ಬೆಳಗ್ಗೆ ಮಾರೇಶ ಆ ಚೀಲಗಳನ್ನು ಒಂದೊಂದಾಗಿ ಹೊತ್ತು ಹುಳದ ಮನೆಯ ಅಟ್ಟದ ಮೇಲೆ ಜೋಡಿಸಿದ. ಹುಳ ಮುಟ್ಟುವ ಪ್ರತಿಯೊಂದು ಸಾಮಾನೂ ಔಷಧಿಯ ಹೊಗೆ ಕುಡಿಯಬೇಕು. ಅದು ದೊಡ್ಡಮ್ಮನ ಕಟ್ಟಳೆ. ದುರ್ಗಾ ರಾಗಿ ಹಿಟ್ಟಿನ ಗಂಜಿ ಕಾಯಿಸಿ, ಹಳೆಯ ತೆಲುಗು ಪೇಪರುಗಳಿಗೆ ಬಳಿದು, ಕಿಟಕಿಗಳಿಗೂ ಹೆಂಚಿನ ಸಂದುಗಳಿಗೂ ಗಾಳಿಯಾಡದ ಹಾಗೆ ಅಂಟಿಸಿದಳು. ಮಾರೇಶ ಮುಖಕ್ಕೆ ಮಾಸ್ಕ್ ಕಟ್ಟಿ, ಮೋಟಾರಿನ ಪಂಪು ಬೆನ್ನಿಗೆ ಹಾಕಿ, ಫಾರ್ಮಲಿನ್ ಬೆರೆಸಿದ ನೀರನ್ನು ಹಿಂದಿನ ಗೋಡೆಯಿಂದ ಹೊಡೆಯುತ್ತಾ ಹಿಂದಕ್ಕೆ ನಡೆದು ಬಂದ. ಮೋಟಾರಿನ ಸದ್ದಿಗೆ ಹೊಂಗೆ ಮರದ ಹಕ್ಕಿಗಳೆಲ್ಲ ಹಾರಿಹೋದವು. ಹೊರಬಂದು ಬಾಗಿಲು ಎಳೆದು, ಸಂದಿಗೂ ಪೇಪರು ಹಚ್ಚಿ, ಕೆಳಗೆ ಒದ್ದೆ ಗೋಣಿ ತುರುಕಿದರು. ಇನ್ನು ನಾಳೆ ಬೆಳಗ್ಗೆಯೇ ತೆಗೆಯುವುದು. ನಾಳೆಯಿಡೀ ಗಾಳಿಯಾಡಿಸಿದರೆ ನಾಡಿದ್ದು ಹುಳ ಬರುವ ಹೊತ್ತಿಗೆ ವಾಸನೆ ಹೋಗಿರುತ್ತದೆ.

ಎಲ್ಲರೂ ಸ್ನಾನ ಮಾಡಿ ಮುದ್ದೆಗೆ ಕೂತಿದ್ದರು. ನಾನು ಅವರ ಜಗಲಿಯ ಮೇಲೆ ಕೂತು ದುರ್ಗಾಳ ಜೊತೆ ಹರಟುತ್ತಿದ್ದೆ. ಆಗ ಕೊತ್ತಿ ಬಂತು.

ತೋಟದ ಕಡೆಯಿಂದ ಬಾಯಲ್ಲಿ ಒಂದು ಓತಿಕ್ಯಾತ ಕಚ್ಚಿಕೊಂಡು ಬಂದಿತ್ತು. ನೇರವಾಗಿ ಜಗಲಿಗೆ ಹತ್ತಿ, ರಾತ್ರಿ ಚೀಲಗಳಿದ್ದ ಮೂಲೆಗೆ ಹೋಗಿ ನಿಂತಿತು. ನೆಲ ಮೂಸಿತು. ಓತಿಕ್ಯಾತ ಬಾಯಿಂದ ಕೆಳಗೆ ಬಿತ್ತು. ಒಂದು ಸಲ ಕೂಗಿತು. ನಮ್ಮನ್ನು ಕರೆಯುವ ಕೂಗಲ್ಲ ಅದು, ಗಂಟಲೊಳಗಿಂದ ಬಂದ ಬೇರೆಯದೇ ಸದ್ದು. ಜಗಲಿಯಿಂದ ಹಾರಿ ಹುಳದ ಮನೆಯ ಬಾಗಿಲಿಗೆ ಹೋಯಿತು. ಒದ್ದೆ ಗೋಣಿಯನ್ನು ಉಗುರಿನಿಂದ ಎಳೆಯತೊಡಗಿತು.

ಮಾರೇಶ ಒಳಗಿನಿಂದಲೇ ನೋಡಿ, ರಾಗಿ ಗಂಜಿಯ ವಾಸನೆಗೆ ನೆಕ್ಕಲು ಹೋಗಿದೆ, ಓಡಿಸು ಎಂದ. ನಾನು ಹೋಗಿ ಓಡಿಸಿದೆ. ಹೋಗಲಿಲ್ಲ. ದೊಡ್ಡಮ್ಮ ಚಿಪ್ಪಿಗೆ ಹಾಲು ಹಾಕಿ ಕರೆದಳು. ತಿರುಗಿ ನೋಡಲಿಲ್ಲ. ಕಡ್ಡಿ ತೋರಿಸಿದಳು, ಅದಕ್ಕೂ ಬರಲಿಲ್ಲ. ಕಿಟಕಿಗೆ ಹಾರಿ, ಪೇಪರಿಗೆ ಪಂಜ ಹಾಕಿ, ಜಾರಿ ಬಿದ್ದು, ಮತ್ತೆ ಬಾಗಿಲಿಗೆ ಬಂತು.

ದುರ್ಗಾ ತಟ್ಟೆ ಬಿಟ್ಟು ಎದ್ದಳು. ಚೀಲಗಳಿದ್ದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ಸವರಿದಳು. ಒಂದಿಷ್ಟು ಬೂದಿ ಬಣ್ಣದ ಕೂದಲು ಬೆರಳಿಗೆ ಅಂಟಿತು. ಅತ್ತೆಗೆ ತೋರಿಸಿದಳು.  ಎಲ್ಲರ ತಲೆಯೊಳಗೂ ಒಂದೇ ಚಿತ್ರ ಮೂಡಿತು. ರಾತ್ರಿ ಬಾಯಿ ತೆರೆದಿದ್ದ ಚೀಲ, ಮೆತ್ತಗೆ ಮಡಚಿ ಕೂತ ನೇತ್ರಿಕೆ, ಕತ್ತಲು, ಬೆಚ್ಚಗೆ. ಕೊತ್ತಿಗೆ ಮೂರನೆಯ ಮನೆ.

ಆದರೆ ಮಾರೇಶ ಒಪ್ಪಲಿಲ್ಲ. ಕೊತ್ತಿ ದಿನಾ ಆ ಮೂಲೆಯಲ್ಲೇ ಮಲಗುತ್ತದೆ, ಕೂದಲು ಇರದೆ ಇನ್ನೇನಿರುತ್ತದೆ ಎಂದ. ಚೀಲ ಹೊತ್ತವನು ತಾನು, ಒಂದು ಸದ್ದೂ ಕೇಳಲಿಲ್ಲ ಎಂದ. ಅವನ ಮಾತೂ ಸುಳ್ಳಲ್ಲ. ದೊಡ್ಡಮ್ಮ ನನ್ನನ್ನೂ ದುರ್ಗಾಳನ್ನೂ ಮರಿ ಹುಡುಕಲು ಓಡಿಸಿದಳು. ನಾನು ನಮ್ಮ ಸೌದೆ ಒಟ್ಟಿಲು ಕೆದಕಿದೆ, ಇಲ್ಲ. ಗೋದಲಿ ಖಾಲಿ. ಪಂಪ್‌ಶೆಡ್ಡು ಖಾಲಿ. ಪಕ್ಕದ ಮನೆಗಳಲ್ಲಿ ಕೇಳಿದರೆ ಒಬ್ಬೊಬ್ಬರೂ ಅದೇ ಉತ್ತರ: ಕಣ್ಣು ಬಿಡದ ಮರಿಗಳನ್ನು ಯಾರು ನೋಡುತ್ತಾರೆ, ನಾವು ಆ ಕಡೆ ತಲೆ ಹಾಕಿಲ್ಲ. ಇಡೀ ಊರು ಒಳ್ಳೆಯ ಮನಸ್ಸಿನಿಂದ ಕಣ್ಣು ಮುಚ್ಚಿಕೊಂಡು ಕೂತಿತ್ತು.

ನಾವು ಏದುಸಿರು ಬಿಡುತ್ತಾ ವಾಪಸು ಬಂದಾಗ ದೊಡ್ಡಮ್ಮ ಬಾಗಿಲ ಮೇಲೆ ಕಿವಿ ಇಟ್ಟು ನಿಂತಿದ್ದಳು. ನಾನೂ ಇಟ್ಟೆ. ಪೇಪರಿನ ಸಂದಿಯಿಂದ ಬಂದ ಒಂದೆಳೆ ವಾಸನೆಗೇ ಕಣ್ಣು ಉರಿದು ನೀರು ಬಂತು. ಒಳಗಿಂದ ಏನೂ ಕೇಳಿಸಲಿಲ್ಲ. ಕಾಲ ಬಳಿ ಕೊತ್ತಿ ಕೂಗುತ್ತಿತ್ತು, ಗೋಣಿ ಪರಪರ ಎನ್ನುತ್ತಿತ್ತು.

ಆಗ ಮಾರೇಶನಿಗೆ ರೇಗಿತು. ಕೈ ತೊಳೆದು ಎದ್ದು ಬಂದು ಬಾಗಿಲಿಗೂ ಅವ್ವನಿಗೂ ನಡುವೆ ನಿಂತ. ಈಗ ತೆಗೆದರೆ ಹೊಗೆಯೆಲ್ಲ ಹೋಗುತ್ತದೆ. ಔಷಧಿ ಮುಗಿದಿದೆ, ತರಿಸಿ ನಾಳೆ ಮತ್ತೆ ಹೊಡೆಯಬೇಕು, ನಾಡಿದ್ದು ಬಾಗಿಲು ತೆಗೆಯಬೇಕು. ಹುಳ ನಾಡಿದ್ದು ಬೆಳಗ್ಗೆಯೇ ಬರುತ್ತದೆ. ವಾಸನೆ ಹೋಗದ ಮನೆಗೆ ಬಿಟ್ಟರೆ ಸಾಯುತ್ತದೆ, ಔಷಧಿ ಹಿಡಿಯದ ಮನೆಗೆ ಬಿಟ್ಟರೆ ಸುಣ್ಣಕಟ್ಟಿಗೆ ಹೋಗುತ್ತದೆ. ಒಂದು ಬೆಳೆ ಗುಂಡಿಗೆ ಹಾಕಿ ಆಯಿತು, ಇದನ್ನೂ ಹಾಕೋಣವೇ ಎಂದು ಕೇಳಿದ. ಯಾವತ್ತೂ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೊನೆಗೆ ಅಂದ:

“ಕೊತ್ತಿ ಇನ್ನೊಂದು ಸಲ ಮರಿ ಆಕ್ತೈತೆ ಕಣವ್ವ. ಉಳ ಇನ್ನೊಂದು ಸಲ ಬರಾಕಿಲ್ಲ.”

 ದೊಡ್ಡಮ್ಮ ಅಲ್ಲೇ ಕೆಳಗೆ ಕೂತಳು. ಕೂತವಳು ಕೈ ಚಾಚಿ, ಕಡ್ಡಿಯಿಲ್ಲದ ಬರಿಗೈಯಲ್ಲಿ, ಕೊತ್ತಿಯ ಕತ್ತು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಹೊಟ್ಟೆಯ ಕೆಳಗೆ ಬೆರಳಾಡಿಸಿದಳು. ಕೊತ್ತಿ ಮಿಸುಕಾಡಲಿಲ್ಲ.

“ಆಲು ಕಟ್ಟೈತೆ,” ಅಂದಳು. “ಕಲ್ಲಾಗೈತೆ.”

ದುರ್ಗಾ ಪಕ್ಕದಲ್ಲಿ ಕೂತು ತಾನೂ ಮುಟ್ಟಿ ನೋಡಿದಳು. “ಹೌದ್ರಿ ಅತ್ತಿ. ಬೆಳಿಗ್ಗಿಂದ ಒಂದೂ ಮರಿ ಕುಡಿದಿಲ್ರಿ.”

ಮರಿಗಳು ಬೇರೆಲ್ಲಾದರೂ ಇದ್ದಿದ್ದರೆ ಅದು ಇಷ್ಟು ಹೊತ್ತಿಗೆ ಹಾಲು ಕೊಟ್ಟಿರುತ್ತಿತ್ತು. ಹಾಗೆಂದು ಒಳಗೇ ಇವೆ ಎಂದು ಆಣೆ ಮಾಡಿ ಹೇಳಲೂ ಆಗುವುದಿಲ್ಲ. ನಾಯಿ ಎತ್ತಿಕೊಂಡು ಹೋಗಿದ್ದರೂ ಹಾಲು ಹೀಗೇ ಕಟ್ಟುತ್ತದೆ. ಇದನ್ನೇ ಮಾರೇಶ ಹೇಳಿದ.  ತಮಾಷೆಯ ಮನುಷ್ಯ ಸಂಜೀವಪ್ಪ ಟವೆಲ್ಲಿನ ತುದಿ ಹಿಂಡುತ್ತಾ ನಿಂತಿದ್ದ. ದೊಡ್ಡಮ್ಮ ಎದ್ದು ನಿಂತಳು.

“ಬಾಗ್ಲು ತೆಗಿ ಮಾರೇಸ.”

“ಒಳಗವೆ ಅಂತ ಯಾರು ನೋಡವ್ರೆ?”

“ಯಾರೂ ನೋಡಿಲ್ಲ. ಅದುಕ್ಕೇ ತೆಗಿ ಅಂದಿದ್ದು.”

ಅವನು ಕದಲಲಿಲ್ಲ. ದೊಡ್ಡಮ್ಮ ತೊಟ್ಟಿಯಲ್ಲಿ ಸೆರಗು ಅದ್ದಿ, ಮೂಗು ಬಾಯಿಗೆ ಸುತ್ತಿ, ಮಗನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ತಾನೇ ಪೇಪರು ಹರಿದಳು. ಬಾಗಿಲು ತೆರೆದಾಗ ಹೊರಬಂದ ಘಾಟಿಗೆ ನಾವೆಲ್ಲ ಹಿಂದಕ್ಕೆ ಹೋದೆವು. ಕೊತ್ತಿಯೂ ಸೀನಿ ಹಿಂದಕ್ಕೆ ಜಿಗಿಯಿತು. ಆಕೆ ಮಾತ್ರ ಒಳಗೆ ಹೋದಳು. ಕಿಟಕಿಗೆಲ್ಲ ಪೇಪರು, ಒಳಗೆ ಹಗಲಲ್ಲೂ ಕತ್ತಲೆ. ಮೂವತ್ತು ವರ್ಷದಿಂದ ಓಡಾಡಿದ ಮನೆ, ಅಟ್ಟ ಎಲ್ಲಿ ಎಂದು ಆಕೆಗೆ ಕಣ್ಣು ಬೇಡ. ಕೆಮ್ಮು ಕೇಳಿಸಿತು. ಏಣಿ ಎಳೆದ ಸದ್ದು. ಮತ್ತೆ ಕೆಮ್ಮು. ದೊಪ್ಪೆಂದು ಏನೋ ಬಿತ್ತು. ಅದು ಚೀಲವೋ ಆಕೆಯೋ ಗೊತ್ತಾಗದೆ ನಾನು ದುರ್ಗಾಳ ಕೈ ಹಿಡಿದುಕೊಂಡೆ.

ಒಂದು ಚೀಲ ಎಳೆದುಕೊಂಡು ಹೊರಗೆ ಬಂದಳು. ಕಣ್ಣು ಮುಚ್ಚಿತ್ತು, ನೀರು ಇಳಿಯುತ್ತಿತ್ತು. ನಾವು ಚೀಲ ಸುರಿದೆವು. ಬರೀ ನೇತ್ರಿಕೆ. ಮತ್ತೆ ತಿರುಗಿ ಒಳಗೆ ಹೋಗಲು ಬಾಗಿಲ ಕಟ್ಟು ತಡವಿದಳು, ಕೈಗೆ ಸಿಗಲಿಲ್ಲ.

ಆಗ ಮನೆಯ ಹಿಂದುಗಡೆ ಪರ್ ಎಂದು ಪೇಪರು ಹರಿದ ಸದ್ದು ಕೇಳಿತು. ಇನ್ನೊಂದು. ಮತ್ತೊಂದು. ಮಾರೇಶ ಸುತ್ತ ಹೋಗಿ ಎಲ್ಲ ಕಿಟಕಿಗಳನ್ನೂ ಬಿಚ್ಚುತ್ತಿದ್ದ. ಒಳಗೆ ಬೆಳಕು ಬಿತ್ತು. ಮುಂಬಾಗಿಲಿಗೆ ಓಡಿ ಬಂದವನು ಮಾಸ್ಕ್ ಏರಿಸಿಕೊಂಡು, ಅವ್ವನ ಎರಡೂ ರಟ್ಟೆ ಹಿಡಿದು ಅಪ್ಪನ ಕೈಗೆ ಒಪ್ಪಿಸಿ ಒಳಗೆ ನುಗ್ಗಿದ. ಅಟ್ಟದಿಂದ ಚೀಲಗಳು ಒಂದರ ಹಿಂದೊಂದು ಕೆಳಗಿಳಿದು ಅಂಗಳಕ್ಕೆ ಬಂದವು. ನಾನೂ ದುರ್ಗಾಳೂ ಒಂದೊಂದನ್ನೂ ಬಿಚ್ಚಿ, ಬೆರಳು ಹಾಕಿ, ಮಡಿಕೆ ಮಡಿಕೆ ತಡಕಿದೆವು. ಕೈಗೂ ಉರಿ, ಕಣ್ಣಿಗೂ ಉರಿ. ಕೊತ್ತಿ ಚೀಲದಿಂದ ಚೀಲಕ್ಕೆ ಹಾರುತ್ತಿತ್ತು. ಔಷಧಿಯ ನಾತಕ್ಕೆ ಅದರ ಮೂಗೂ ಕೆಟ್ಟಿತ್ತು, ಏನೂ ತಿಳಿಯದೆ ಸುತ್ತುತ್ತಿತ್ತು.

ದುರ್ಗಾ ಒಂದು ಚೀಲದ ಆಳದಲ್ಲಿ ಕೈ ನಿಲ್ಲಿಸಿದಳು. ಅವಳ ಮುಖ ನೋಡಿದರೇ ಗೊತ್ತಾಯಿತು.

ಮೂರು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಒಂದೊಂದೂ ಹಿಡಿಯಷ್ಟು. ಎರಡು ಬಾಯಿ ತೆರೆದು ಮುಚ್ಚುತ್ತಿದ್ದವು, ಸದ್ದು ಹೊರಡುತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗಿದ್ದ ಮೂರನೆಯದು ಬಟ್ಟೆಯ ಚೂರಿನ ಹಾಗೆ ಜೋತು ಬಿತ್ತು. ದುರ್ಗಾ ಉಗುರು ಬೆಚ್ಚಗಿನ ನೀರು ಕೇಳಿದಳು. ನಮ್ಮಮ್ಮ ಸ್ನಾನಕ್ಕೆ ಕಾಯಿಸಿದ್ದ ನೀರಿನ ಚೊಂಬು ಹಿಡಿದು ರಸ್ತೆ ದಾಟಿ ಬಂದಳು. ಮೆತ್ತಗಿನ ಬಟ್ಟೆಯಲ್ಲಿ ಮೂರನ್ನೂ ಒರೆಸಿದ ಮೇಲೆ ದುರ್ಗಾ ಜೋತುಬಿದ್ದದ್ದನ್ನು ತಲೆಕೆಳಗು ಹಿಡಿದು, ಬೆನ್ನು ಉಜ್ಜಿ, ಅದರ ಪುಟ್ಟ ಮೂಗಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಊದಿದಳು. ಕುರಿಮರಿ ಹುಟ್ಟಿ ಉಸಿರಾಡದಿದ್ದರೆ ಅವರ ಹಟ್ಟಿಯಲ್ಲಿ ಹೀಗೇ ಮಾಡುತ್ತಾರಂತೆ. ಒಂದು ಸಲ ಎದೆ ಎದ್ದಂತಾಯಿತು. ಆಮೇಲೆ ಏಳಲಿಲ್ಲ. ಅವಳು ಬಿಡಲಿಲ್ಲ, ಉಜ್ಜುತ್ತಲೇ ಇದ್ದಳು.

ಉಳಿದ ಎರಡನ್ನು ಮಾರೇಶ ಗೋಣಿಯ ಮೇಲೆ ಹಾಕಿ ಕೊತ್ತಿಯ ಮುಂದೆ ಇಟ್ಟ. ಮುಗಿಯಿತು ಎಂದು ನಾವು ಅಂದುಕೊಂಡೆವು. ಕೊತ್ತಿ ಹತ್ತಿರ ಬಂದು ಮೂಸಿ ಹಿಂದೆ ಸರಿಯಿತು. ಇನ್ನೊಂದು ಸಲ ಮೂಸಿತು. ಕಿವಿ ಹಿಂದಕ್ಕೆ ಮಡಚಿ, ಬಾಯಿ ತೆರೆದು ಬುಸ್ ಎಂದಿತು. ತನ್ನವೇ ಮರಿಗಳಿಗೆ.

ನಮ್ಮಮ್ಮ ತಲೆ ಅಲ್ಲಾಡಿಸಿದಳು. ನೋಡಬಾರದಿತ್ತು, ಮುಟ್ಟಬಾರದಿತ್ತು, ಇನ್ನು ಅದು ಸೇರಿಸುವುದಿಲ್ಲ ಎಂದಳು. ಮರಿಗಳ ಮೈಯಲ್ಲಿ ತಾಯಿಯ ವಾಸನೆ ಒಂದಿಷ್ಟೂ ಉಳಿದಿರಲಿಲ್ಲ. ಇದ್ದದ್ದು ಬರೀ ಔಷಧಿ ಮತ್ತು ನಮ್ಮ ಕೈ. ಒಳಗಿಂದ ಜೀವಂತ ತಂದು ಅಂಗಳದಲ್ಲಿ ಸಾಯಿಸುವ ಹಾಗಾಯಿತೇ ಎಂದುಕೊಂಡೆ. ಅವು ಕಣ್ಣಿಲ್ಲದ ಮುಖ ಎತ್ತಿ ಗೋಣಿಯ ಮೇಲೆ ತಡಕುತ್ತಿದ್ದವು.

ದುರ್ಗಾ ಕೈಯಲ್ಲಿದ್ದ ಮರಿಯನ್ನು ನನಗೆ ಕೊಟ್ಟು ಎದ್ದಳು.

“ಅತ್ತಿ, ಅದನ್ನ ನೀವು ಹಿಡ್ಕಳ್ರಿ. ನಿಮ್ಮ ಕೈಗೆ ಮಾತ್ರ ನಿಲ್ತೈತ್ರಿ ಅದು.”

ದೊಡ್ಡಮ್ಮನಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ರೆಪ್ಪೆ ಊದಿ ಮುಚ್ಚಿಕೊಂಡಿದ್ದವು, ಸಂಜೀವಪ್ಪ ಒದ್ದೆ ಬಟ್ಟೆ ಒತ್ತುತ್ತಾ ಕೂತಿದ್ದ. ಆಕೆ ಕಾಲು ಚಾಚಿ ಮಡಿಲು ಮಾಡಿಕೊಂಡು, ಕೊತ್ತಿ, ಬಾ ಕೊತ್ತಿ ಎಂದು ಬೈಗುಳವಿಲ್ಲದೆ ಕರೆದಳು. ಅದು ಬಂತು. ಎರಡೂ ಕೈಯಲ್ಲಿ ಅದನ್ನು ಅಂಗಾತ ಹಿಡಿದು ತೊಡೆಗೆ ಒತ್ತಿಕೊಂಡಳು. ಅದು ಹಿಂಗಾಲಿನಿಂದ ಆಕೆಯ ಮುಂಗೈ ಗೀರಿತು, ಆಕೆ ಬಿಡಲಿಲ್ಲ. ದುರ್ಗಾ ಎರಡು ಬೆರಳಲ್ಲಿ ಅದರ ಮೊಲೆ ಹಿಂಡಿ, ಬಂದ ಹನಿ ಹಾಲನ್ನು ಮರಿಗಳ ನೆತ್ತಿಗೂ ಬೆನ್ನಿಗೂ ಬಾಲದ ಬುಡಕ್ಕೂ ಸವರಿದಳು. ಕುರಿ ತನ್ನ ಮರಿಯನ್ನು ಒದ್ದರೆ ಕುರುಬರು ಅದರ ಹಾಲನ್ನೇ ಮರಿಗೆ ಬಳಿಯುತ್ತಾರೆ, ನೆಕ್ಕಿ ನೆಕ್ಕಿ ತಾಯಿ ತನ್ನದೆಂದು ಒಪ್ಪಿಕೊಳ್ಳುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು. ಬೆಕ್ಕಿಗೆ ಆಗುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ ಎಂದೂ ಹೇಳಿದಳು.

ಕೊತ್ತಿಯನ್ನು ಬಿಟ್ಟರು. ಯಾರೂ ಅಲ್ಲಾಡಲಿಲ್ಲ. ಅದು ದೂರ ಹೋಗಿ ಕೂತು ತನ್ನ ಹೊಟ್ಟೆ ನೆಕ್ಕಿಕೊಂಡಿತು. ಮಾರೇಶ ಮಾಸ್ಕನ್ನು ಕತ್ತಿಗೆ ಇಳಿಸಿಕೊಂಡು ಉಸಿರು ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತಿಗೆ ಕೊತ್ತಿ ಎದ್ದು, ಬಗ್ಗಿ ಬಗ್ಗಿ ಬಂದು, ದೊಡ್ಡ ಮರಿಯ ನೆತ್ತಿಗೆ ಮೂಗು ತಾಗಿಸಿತು. ನೆಕ್ಕಿತು. ನಿಲ್ಲಿಸಿ ಯೋಚನೆ ಮಾಡುವಂತೆ ನೋಡಿತು. ಮತ್ತೆ ನೆಕ್ಕಿತು. ಆಮೇಲೆ ಆ ಮರಿಯನ್ನು ಪಂಜದಿಂದ ತನ್ನ ಕಡೆ ಎಳೆದುಕೊಂಡು ಪಕ್ಕಕ್ಕೆ ಉರುಳಿ ಮಲಗಿತು. ಎರಡೂ ಮರಿ ತಡಕಿ ತಡಕಿ ಬಾಯಿ ಹಾಕಿದವು.

“ಕುಡಿತಾವ್ರಿ ಅತ್ತಿ,” ಎಂದು ದುರ್ಗಾ ಹೇಳಿದಾಗಲೇ ಕಣ್ಣು ಮುಚ್ಚಿ ಕೂತಿದ್ದ ದೊಡ್ಡಮ್ಮ ಬೆನ್ನನ್ನು ಗೋಡೆಗೆ ಒರಗಿಸಿದ್ದು.

ನನ್ನ ಅಂಗೈಯಲ್ಲಿದ್ದ ಮರಿ ಅಷ್ಟೊತ್ತಿಗೆ ತಣ್ಣಗಾಗಿತ್ತು.  ದುರ್ಗಾ ನೋಡಿ, ತನ್ನ ಕೈಗೆ ತೆಗೆದುಕೊಂಡು, ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟಳು.

ದೊಡ್ಡಮ್ಮ ಮಗನನ್ನು ಕರೆದು ವಾಗೀಶನಿಗೆ ಫೋನು ಹಚ್ಚಲು ಹೇಳಿದಳು. ಒಂದು ದಿನ ತಡೆದು ತರಲು ಆಗುತ್ತದೆಯೇ ಎಂದು ಮಾರೇಶ ಕೇಳಿದ. ನಾಡಿದ್ದಿಗೆ ಹುಳ ಪೊರೆ ಬಿಡುವ ಜ್ವರದಿಂದ ಏಳುತ್ತವೆ, ತಡೆದರೆ ಹಸಿವಿಗೆ ಸಾಯುತ್ತವೆ ಎಂಬ ಉತ್ತರ ನಮಗೂ ಕೇಳಿಸಿತು. ದೊಡ್ಡಮ್ಮ ಫೋನು ತನ್ನ ಕೈಗೆ ತೆಗೆದುಕೊಂಡಳು. ತನ್ನ ಹುಳವನ್ನು ಎದುರು ಮನೆ ಚಿತ್ತಮ್ಮನಿಗೆ ಇಳಿಸು ಎಂದಳು. ನಮ್ಮ ಹುಳದ ಮನೆಗೆ ಆಗಲೇ ಔಷಧಿ ಹೊಡೆದು ಗಾಳಿಯಾಡಿಸಿ ಆಗಿತ್ತು, ಹುಳ ಸಿಗದೆ ಕಾಯುತ್ತಿದ್ದೆವು. ನಮ್ಮಮ್ಮ ಚೊಂಬು ಹಿಡಿದು ನಿಂತಲ್ಲೇ ನಿಂತಳು. ಬೇಡ ಎನ್ನಲು ಬಾಯಿ ತೆರೆದಳು. ದೊಡ್ಡಮ್ಮ ಅವಳ ಕಡೆ ಮುಖ ತಿರುಗಿಸಿದಳು, ಕಣ್ಣು ಮಾತ್ರ ಮುಚ್ಚಿಯೇ ಇತ್ತು.

“ಸೊಪ್ಪು ಬಲ್ತೈತೆ ಚಿತ್ತಮ್ಮ. ನನ್ನ ತೋಟದ್ದೂ ಕಡ್ಕೊ. ಬಿಟ್ರೆ ಕಡ್ಡಿಯಾಗ್ತೈತೆ.”

ಮಾರೇಶ ಅಲ್ಲಿಂದ ಎದ್ದು ಹೋಗಿ ಪಂಪು ತೊಳೆಯುತ್ತಾ ಕೂತ. ಬಹಳ ಹೊತ್ತು ತೊಳೆದ. ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಸಂಜೀವಪ್ಪ ಮಗನ ಪಕ್ಕಕ್ಕೆ ಹೋಗಿ ನೀರು ಹಾಕಿದ.

ಬಿಸಿಲು ಇಳಿಯುವ ಹೊತ್ತಿಗೆ ಕೊತ್ತಿ ಎದ್ದಿತು. ಮರಿಗಳೆರಡೂ ಹೊಟ್ಟೆ ತುಂಬಿ ಮಲಗಿದ್ದವು. ಅದು ಅಂಗಳದಲ್ಲಿ ಚೆಲ್ಲಿದ್ದ ಚೀಲಗಳ ನಡುವೆ ಓಡಾಡಿ, ಪ್ರತಿಯೊಂದಕ್ಕೂ ತಲೆ ಹಾಕಿ, ಬಾಗಿಲ ಬಳಿ ನಿಂತು ಮತ್ತೆ ಆ ಗಂಟಲೊಳಗಿನ ಸದ್ದು ಮಾಡಿತು. ಹೋಯಿತು, ಬಂತು, ಮತ್ತೆ ಹೋಯಿತು. ಎರಡು ಮರಿಗಳ ಪಕ್ಕ ಮಲಗಿದರೂ ತಲೆ ಎತ್ತಿ ಬಾಗಿಲನ್ನೇ ನೋಡುತ್ತಿತ್ತು. ನಾನು ಅದನ್ನು ಎತ್ತಿಕೊಂಡು ಮನೆಯ ಹಿಂದಕ್ಕೆ ಬಿಟ್ಟರೆ ಮರೆಯಬಹುದೇನೋ ಎಂದೆ. ದೊಡ್ಡಮ್ಮ ಬೇಡ ಎಂದಳು. ಆ ಸತ್ತದ್ದು ಎಲ್ಲಿ ಎಂದು ಕೇಳಿದಳು.

ನಾನು ಬಟ್ಟೆಯ ಗಂಟನ್ನು ಆಕೆಯ ಕೈಗಿಟ್ಟೆ. ಆಕೆ ಗೋಡೆ ಹಿಡಿದು ಎದ್ದು, ಕೂಗು ಬಂದ ಕಡೆಗೆ ತಡವರಿಸುತ್ತಾ ನಡೆದು, ಕೊತ್ತಿಯ ಮುಂದೆ ಕೂತು ಬಟ್ಟೆ ಬಿಚ್ಚಿದಳು.

“ನೋಡ್ಕಳವ್ವ. ಇದೊಂದು ಆಗಲಿಲ್ಲ.”

ಕೊತ್ತಿ ಮೂಸಿತು. ತಲೆಯಿಂದ ಬಾಲದ ತನಕ ಒಂದು ಸಲ ನೆಕ್ಕಿತು. ಮೂಗಿನಿಂದ ನೂಕಿತು, ಮರಿ ಉರುಳಿತು. ಇನ್ನೊಂದು ಸಲ ನೂಕಿತು. ದೊಡ್ಡಮ್ಮನ ಅಂಗೈ ನೆಲದ ಮೇಲೆ ಪಕ್ಕದಲ್ಲೇ ಇತ್ತು. ಅದು ಆ ಬೆರಳುಗಳನ್ನೂ ನೆಕ್ಕಿತು. ಆಮೇಲೆ ಎದ್ದು, ಹಿಂದಿರುಗಿ ನೋಡದೆ, ಗೋಣಿಯ ಮೇಲಿದ್ದ ಎರಡರ ಹತ್ತಿರ ಹೋಗಿ ಸುತ್ತಿಕೊಂಡು ಮಲಗಿತು. ಕೂಗಲಿಲ್ಲ.

ಮಾರೇಶ ಗುದ್ದಲಿ ತೆಗೆದುಕೊಂಡು ತೋಟದ ಕಡೆ ನಡೆದ. ದೊಡ್ಡಮ್ಮ ಬಟ್ಟೆಯನ್ನು ಮತ್ತೆ ಸುತ್ತಿ, ಅವನ ಹೆಜ್ಜೆಯ ಸದ್ದು ಹಿಡಿದು ಹಿಂದೆ ಹೊರಟಳು. ತೋಟದ ಏರಿಯ ಹತ್ತಿರ ಅವನು ನಿಂತು, ಅವ್ವ ಬರುವ ತನಕ ಕಾದು, ಆಕೆಯ ಕೈ ಹಿಡಿದುಕೊಂಡ.